ಮಣ್ಣೆತ್ತಿನ ನಡಿಗೆ

ಗಿರಿಜಕ್ಕಾ, ನಮ್ಮ ಸಿನಿಮಾದಲ್ಲಿ ಮಣ್ಣೆತ್ತು ನಡೆದದ್ದು ನಿಮ್ಮ ನಡಿಗೆ. ನಿಮಗೆ ಗೊತ್ತಾಗದಂತೆ ನಾನದನ್ನು ಫೋನಿನಲ್ಲಿ ಹಿಡಿದಿದ್ದೆ. ನೀವು ಕೇಳಿದಾಗ ಸುಳ್ಳು ಹೇಳಿದೆ. ನಾಲ್ಕು ವರ್ಷವಾಯಿತು — ಇನ್ನೂ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಲು ನನ್ನಿಂದ ಆಗುವುದಿಲ್ಲ.

ಗೋಕುಲ ರಸ್ತೆಯ ಶೆಡ್ಡಿನಲ್ಲಿ ನಾವು ಹೇಗೆ ಕೆಲಸ ಮಾಡುತ್ತಿದ್ದೆವು ಎಂದು ನಿಮಗೆ ಹೇಳಬೇಕಿಲ್ಲ — ಗೊಂಬೆಯನ್ನು ಎಳ್ಳಷ್ಟು ಸರಿಸು, ಫೋಟೊ ತೆಗೆ, ಮತ್ತೆ ಸರಿಸು. ಇಡೀ ದಿನ ದುಡಿದರೆ ಪರದೆಯ ಮೇಲೆ ಐದಾರು ಸೆಕೆಂಡು. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಪೂಜೆ ಒಲ್ಲದೆ ದೇವರ ಜಗಲಿಯಿಂದ ಇಳಿದು ದುರ್ಗದಬೈಲಿನ ಪೇಟೆಗೆ ಓಡಿಹೋಗುವ ಎತ್ತಿನ ಕತೆ ನನ್ನದು. ಎತ್ತುಗಳೆಲ್ಲ ನಿಮ್ಮ ಕೈಯವು. ಧಾರವಾಡದಿಂದ ದಿನಾ ಬಸ್ಸಿನಲ್ಲಿ ಬಂದು, ತಂದೆ ಕಲಿಸಿದ ಹಾಗೆ ಮಣ್ಣು ಹದ ಮಾಡಿ, ದೀಪದ ಕಾವಿಗೆ ಬಿರುಕು ಬಿಟ್ಟ ಕೊಂಬು, ಕಿವಿಗಳನ್ನು ಒದ್ದೆ ಬೆರಳಿನಿಂದ ಸವರುತ್ತಿದ್ದವರು ನೀವು.

ಎತ್ತು ಹಿಂಗಾಲ ಮೇಲೆ ಎದ್ದು, ನೋಡಿದವರಿಗೆ ನಗು ಬರುವ ಹಾಗೆ ನಡೆಯಬೇಕಿತ್ತು. ತಿಂಗಳುಗಟ್ಟಲೆ ಹೆಣಗಿದರೂ ನಗು ಹುಟ್ಟಲಿಲ್ಲ. ಒಂದು ದಿನ ಕಿಟಕಿಯಿಂದ ನೋಡಿದೆ — ನೀವು ಶೆಡ್ಡಿನ ಮೆಟ್ಟಿಲು ಹತ್ತುತ್ತಿದ್ದಿರಿ. ಚಿಕ್ಕಂದಿನ ಜ್ವರದಲ್ಲಿ ಸೊರಗಿದ ಎಡಗಾಲು, ಮೊಣಕಾಲಿನ ಮೇಲೆ ಊರಿದ ಅಂಗೈ, ಪ್ರತಿ ಮೆಟ್ಟಿಲಿಗೂ ಮುನ್ನ ಯಾರಾದರೂ ನೋಡುತ್ತಿದ್ದಾರೋ ಎಂದು ಹಿಂದಕ್ಕೊಂದು ನೋಟ. ಫೋನು ತೆಗೆದೆ. ಆಮೇಲೆ ಅದನ್ನು ಒಂದೊಂದೇ ಚಿತ್ರವಾಗಿ ಬಿಡಿಸಿ ಎತ್ತಿಗೆ ಇಳಿಸಿದೆ — ಆ ನೋಟವನ್ನೂ ಬಿಡಲಿಲ್ಲ. ತಪ್ಪೆಂದು ಆಗಲೇ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅಲ್ಲವೇ, ಆ ದೃಶ್ಯಗಳನ್ನೆಲ್ಲ ನೀವು ಬಾರದ ಭಾನುವಾರಗಳಲ್ಲಿ ತೆಗೆದದ್ದು?

ಮೊದಲ ಪ್ರದರ್ಶನಕ್ಕೆ ನೀವು ಹೊಸ ಸೀರೆ ಉಟ್ಟು, ನಿಮ್ಮ ಓಣಿಯವರನ್ನೆಲ್ಲ ಕರೆತಂದಿದ್ದಿರಿ. ಎತ್ತು ಮೊದಲ ಮೆಟ್ಟಿಲು ಹತ್ತಿದಾಗ ಜನ ಬಿದ್ದು ಬಿದ್ದು ನಕ್ಕರು, ನೀವೂ ನಕ್ಕಿರಿ. ಎರಡನೆಯ ಮೆಟ್ಟಿಲಿಗೆ ನಿಮ್ಮ ನಗು ನಿಂತಿತು — ಪಕ್ಕದಲ್ಲೇ ಕೂತಿದ್ದೆನಲ್ಲ, ನನಗೆ ತಿಳಿಯಿತು. ಸಿನಿಮಾ ಮುಗಿದ ಮೇಲೆ ನಿಮ್ಮ ಓಣಿಯ ಮಕ್ಕಳೇ ಬಾಗಿಲ ಬಳಿ ಮೊಣಕಾಲು ಹಿಡಿದು ಕುಂಟುತ್ತ ಎತ್ತಿನ ಆಟ ಹೂಡಿದ್ದರು. ನೀವು ಕುರ್ಚಿ ಬಿಟ್ಟು ಏಳಲಿಲ್ಲ.

“ಸರ್, ಆ ನಡಗಿ ಎಲ್ಲಿಂದ ತಂದ್ರಿ?”

“ಹಂಗ ಸುಮ್ನ ಹೊಳೀತ್ರಿ, ಅಕ್ಕಾರ.”

“ಹೌದ್ರಿ?... ಛಲೋ ಆಗೇತಿ ಬಿಡ್ರಿ. ಮಂದಿ ಭಾಳ ನಕ್ರು.”

ಅಷ್ಟೇ. ಮತ್ತೆ ನೀವು ಶೆಡ್ಡಿಗೆ ಬರಲಿಲ್ಲ. ಪತ್ರಿಕೆಯವರು ಆ ನಡಿಗೆಯೇ ಸಿನಿಮಾದ ಜೀವ ಎಂದು ಬರೆದರು. ಕೇಳಿದವರಿಗೆಲ್ಲ ನನ್ನ ಕಲ್ಪನೆ ಎಂದೆ. ಮೊದಮೊದಲು ನಾಲಿಗೆ ತಡವರಿಸುತ್ತಿತ್ತು. ಆಮೇಲೆ ಅದೂ ಇಲ್ಲ — ನೆನೆದರೆ ನಾಚಿಕೆಯಾಗುತ್ತದೆ.

ನಿಜ ಹೇಳಿಬಿಡೋಣವೆಂದು ಎಷ್ಟೋ ಸಲ ಮೈಕಿನ ಮುಂದೆ ನಿಂತೆ. ಹೇಳಿದರೆ ಊರೆಲ್ಲ ನಿಮ್ಮ ಕಾಲನ್ನೇ ನೋಡುತ್ತದೆ... ಹೇಳದಿದ್ದರೆ ನನ್ನ ಹೆಸರು ಉಳಿಯುತ್ತದೆ. ಯಾವುದಕ್ಕಾಗಿ ಸುಮ್ಮನಾದೆ ಎಂದು ನನ್ನನ್ನೇ ಕೇಳಿಕೊಂಡರೆ ಬರುವ ಉತ್ತರ ಚೆನ್ನಾಗಿಲ್ಲ. ಅದಕ್ಕೇ ಮೊದಲು ನಿಮಗೆ ಬರೆಯುತ್ತಿದ್ದೇನೆ. ಊರಿಗೆ ಹೇಳಬೇಕೋ ಬೇಡವೋ, ನೀವು ಹೇಳಿದಂತೆ.

ಸಿನಿಮಾ ತೋರಿಸುವುದನ್ನು ನಿಲ್ಲಿಸಿದ್ದೇನೆ. ಎತ್ತು ನಡೆಯುವ ದೃಶ್ಯಗಳನ್ನು ಹೊಸದಾಗಿ ತೆಗೆಯುತ್ತೇನೆ. ಮೊನ್ನೆ ಅದಕ್ಕಾಗಿ ಕ್ಯಾಮೆರಾ ಹಚ್ಚಿಟ್ಟು ನಾನೇ ನಡೆದೆ. ಹತ್ತು ಸಲ ನಡೆದರೂ ಒಂದು ಸಲವೂ ಸಹಜವಾಗಿ ಬರಲಿಲ್ಲ — ಕೈ ಎಲ್ಲಿಡಬೇಕೋ ತಿಳಿಯದು, ಕಾಲಿಗೆ ಕಾಲು ತೊಡರುತ್ತದೆ. ನೋಡುತ್ತಾರೆಂದು ಗೊತ್ತಿದ್ದರೆ ನಡೆಯುವುದು ಎಷ್ಟು ಕಷ್ಟವೆಂದು ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು. ನೀವು ಚಿಕ್ಕಂದಿನಿಂದಲೂ ಹಾಗೆಯೇ ನಡೆದವರು, ಗಿರಿಜಕ್ಕಾ. ಅದನ್ನು ತೋರಿಸಿ ಜನರನ್ನು ನಗಿಸಿದವನು ನಾನು.