ಕಂಡಕ್ಟರನ ಹೆಂಡತಿಗೆ ಜಾಗವಿರಲಿಲ್ಲ

ನಾನು ಓಡಿಸುವ ಬಸ್ಸಿನ ಕಂಡಕ್ಟರನಿಗೆ ನಾವೆಲ್ಲ ಇಟ್ಟಿದ್ದ ಹೆಸರು 'ಜಾಗ ಇದೆ'. ಒಳಗೆ ಕಾಲಿಡಲು ಸಂದಿಯಿಲ್ಲದಿದ್ದರೂ "ಜಾಗ ಇದೆ, ಮುಂದೆ ಹೋಗಿ" ಎಂದು ಕೂಗುವ ಆಸಾಮಿ. ತನ್ನ ಮನೆಯವರು ಹತ್ತಿದರೆ ಮಾತ್ರ ವರಸೆಯೇ ಬೇರೆ. ಪ್ರಯಾಣಿಕರು ನಿಂತಿರುವಾಗ ಸಿಬ್ಬಂದಿಯ ಮನೆಯವರು ಕೂರಬಾರದು ಎಂಬುದು ನಮ್ಮ ಡಿಪೋದ ಹಳೆಯ ಪದ್ಧತಿ. ನಾವದನ್ನು ಯಾವತ್ತೋ ಗಾಳಿಗೆ ತೂರಿದ್ದೆವು, ಇವನೊಬ್ಬ ಹಠ ಹಿಡಿದು ಪಾಲಿಸುತ್ತಿದ್ದ. "ಇವರ ಬಸ್ಸಲ್ಲಿ ಎಲ್ಲರಿಗೂ ಜಾಗ ಇದೆ, ನನಗೊಬ್ಬಳಿಗೆ ಇಲ್ಲ" ಎಂದು ಹೆಂಡತಿ ಎಲ್ಲರೆದುರೇ ಅವನ ಕಾಲೆಳೆಯುತ್ತಿದ್ದಳು.

ಚಂಡಮಾರುತ ಬರುವ ದಿನ ಸಮುದ್ರದ ಪಕ್ಕದ ಬೀದಿಗಳನ್ನು ಖಾಲಿ ಮಾಡಿಸುವ ಕೆಲಸ ನಮ್ಮ ತಲೆಗೆ ಬಿತ್ತು. ಅವನ ಬೀದಿ ತಲುಪುವಷ್ಟರಲ್ಲಿ ಬಸ್ಸು ತುಂಬಿ ತುಳುಕುತ್ತಿತ್ತು. ವಯಸ್ಸಾದವಳೆಂದು ತನ್ನ ಅತ್ತೆಯನ್ನು, ಅಂದರೆ ಹೆಂಡತಿಯ ತಾಯಿಯನ್ನು, ಹೇಗೋ ಹತ್ತಿಸಿದ. ಹೆಂಡತಿಯೂ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯ ಬಸುರಿ ಓಡಿ ಬಂದಳು.

"ನೀನು ಇಳಿ. ಮುಂದಿನ ಟ್ರಿಪ್ಪಿಗೆ ಬಾ" ಎಂದು ಹೆಂಡತಿಯನ್ನು ಇಳಿಸಿ, ಅವಳ ಜಾಗಕ್ಕೆ ಬಸುರಿಯನ್ನು ಹತ್ತಿಸಿದ.

"ನಿನ್ನ ಹೆಂಡ್ತೀನೂ ಹತ್ತಿಸ್ಕೊಳ್ಳೋ, ಬಾಗಿಲಲ್ಲೇ ನಿಂತ್ಕೊಳ್ಳಲಿ!" ಎಂದು ನಾನು ಕಿರುಚಿದೆ.

"ಇಷ್ಟು ಜನ ಇನ್ನೂ ಕೆಳಗಿದ್ದಾರೆ. ಹೆಂಡ್ತೀನ ಕರ್ಕೊಂಡು ಹೋದ ಅನ್ನಲ್ವಾ?" ಎಂದು ಬೆಲ್ ಹೊಡೆದ.

ನಾವು ವಾಪಸ್ಸು ಬಂದಾಗ ಆ ಬೀದಿಗೆ ದಾಟುವ ಸೇತುವೆಯೇ ಇರಲಿಲ್ಲ.

ಬಸ್ಸಿನಲ್ಲಿ ಬಂದವರನ್ನೆಲ್ಲ ಒಂದು ಶಾಲೆಯಲ್ಲಿ ಇಟ್ಟರು. ಅತ್ತೆ ಅಳಿಯನ ಜೊತೆ ಮಾತು ಬಿಟ್ಟಳು. ಅವನು ನೀರಿನ ಕ್ಯಾನು ಹೊತ್ತ, ಔಷಧಿ ಹಂಚಿದ, ಕಕ್ಕಸಿನ ಮುಂದಿನ ಜಗಳ ಬಿಡಿಸಿದ. "ಅವಳು ಗಟ್ಟಿಗಿತ್ತಿ, ಯಾರದೋ ಮಹಡಿ ಹತ್ತಿ ಕೂತಿರ್ತಾಳೆ" ಎಂದು ಕೇಳದವರಿಗೂ ಹೇಳಿದ. ಅವನನ್ನು ಬೈಯಬೇಕೋ ತಬ್ಬಿಕೊಳ್ಳಬೇಕೋ ನನಗೆ ತಿಳಿಯುತ್ತಿರಲಿಲ್ಲ.

ನೀರಿಳಿದ ಮೇಲೆ, ಹೆಂಗಸೊಬ್ಬಳ ಹೆಣದ ಗುರುತು ಹಿಡಿಯಲು ಬನ್ನಿ ಎಂದು ಆಸ್ಪತ್ರೆಯಿಂದ ಹೇಳಿಕಳಿಸಿದರು. "ಅದು ಅವಳಲ್ಲ. ನಾನ್ಯಾಕೆ ಬರಲಿ?" ಎಂದು ನನ್ನ ಮೇಲೆ ರೇಗಿದ. ಕೊನೆಗೆ ಅತ್ತೆಯೇ ನನ್ನ ಜೊತೆ ಹೊರಟಳು. ಆಕೆ ಒಳಗೆ ಹೋಗಿ ಹೊರಗೆ ಬಂದಾಗ ಮುಖ ನೋಡಿಯೇ ನನಗೆ ತಿಳಿಯಿತು.

ಶಾಲೆಗೆ ಮರಳಿದರೆ ಅಲ್ಲಿ ತಲೆಗೊಂದರಂತೆ ಕಂಬಳಿ ಹಂಚುತ್ತಿದ್ದರು. ಅಲ್ಲಿಯವರೆಗೆ ತನಗೆಂದು ಏನನ್ನೂ ಕೇಳದವನು ಸಾಲಿನಲ್ಲಿ ಎಲ್ಲರಿಗಿಂತ ಮುಂದಿದ್ದ. ಎರಡು ಕಂಬಳಿ ಎದೆಗವಚಿಕೊಂಡು, ಹಂಚುತ್ತಿದ್ದ ಹೆಂಗಸಿಗೆ ವಿವರಿಸುತ್ತಿದ್ದ: "ಒಂದು ನನಗೆ, ಒಂದು ಹೆಂಡ್ತಿಗೆ. ಅವಳಿಗೆ ಚಳಿ ತಡೆಯೋಕಾಗಲ್ಲ."

ಅತ್ತೆ ನೆಟ್ಟಗೆ ಅವನ ಬಳಿ ಹೋಗಿ ಮೇಲಿನ ಕಂಬಳಿಗೆ ಕೈ ಹಾಕಿದಳು. ಅವನು ಬಿಡಲಿಲ್ಲ.

"ಕೊಡಪ್ಪ" ಎಂದಳು. ಬಸ್ಸಿಳಿದ ಮೇಲೆ ಅವನೊಡನೆ ಆಡಿದ ಮೊದಲ ಮಾತು ಅದು. "ಬೇರೆ ಯಾರಿಗಾದ್ರೂ ಆಗುತ್ತೆ. ನಾನು ನೋಡ್ಕೊಂಡು ಬಂದೆ."

ಅವನು ಎರಡನ್ನೂ ಕೊಟ್ಟುಬಿಟ್ಟ.