ಭಾವನ ದೋಣಿಗೆ ಜನರೇಟರ್

ತೊಂಬತ್ತರ ದಶಕದ ಕೊನೆಯಲ್ಲಿ ನಾನು ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದೆ. ಅಕ್ಕನ ಗಂಡ, ಅಂದರೆ ನನ್ನ ಭಾವ, ಊರಿನಿಂದ ಸ್ವಲ್ಪ ಕೆಳಗೆ ಕಾವೇರಿಯಲ್ಲಿ ದೋಣಿ ನಡೆಸುತ್ತಿದ್ದರು. ಡೀಸೆಲ್ ಎಂಜಿನ್ನಿನ ದೊಡ್ಡ ಮರದ ದೋಣಿ. ಆಚೆ ದಡದ ಕಬ್ಬು ಕಡಿಯುವವರು, ತರಕಾರಿ ಮಾರುವ ಹೆಂಗಸರು, ಸಂತೆಗೆ ಹೋಗಿ ಬರುವವರು ಎಲ್ಲರಿಗೂ ಅದೇ ಗತಿ. ಹಲಗೆ ಸಂದುಗಳಿಂದ ನೀರು ಜಿನುಗುತ್ತಲೇ ಇರುತ್ತಿತ್ತು. ಭಾವ ಅದನ್ನು ಎಣ್ಣೆ ಡಬ್ಬದಲ್ಲಿ ಎತ್ತಿ ಎತ್ತಿ ಹೊಳೆಗೆ ಚೆಲ್ಲುತ್ತಿದ್ದರು.

ಒಂದು ಮಳೆಗಾಲದಲ್ಲಿ ದಡದ ಮೆಟ್ಟಿಲ ಮೇಲೆ ಜಾರಿ ಬಿದ್ದು ಅವರ ಬಲಭುಜ ಮುರಿಯಿತು. ಮೂಳೆ ಕೂಡಿಕೊಂಡಿತು, ಆದರೆ ಕೈ ಮೇಲಕ್ಕೆ ಏಳಲಿಲ್ಲ. ಚುಕ್ಕಾಣಿ ಹಿಡಿಯಬಲ್ಲರು, ನೀರು ಎತ್ತಿ ಹಾಕಲಾರರು. "ಮಾರ್ಬುಡಿ ಅತ್ಲಾಗೆ" ಎಂದಳು ಅಕ್ಕ. ಹೊಳೆ ಕಂಡರೆ ಅವಳಿಗೆ ಮೊದಲಿನಿಂದಲೂ ಭಯ.

ಭಾವ ಕೇಳಲಿಲ್ಲ. ಒಂದು ಬೆಳಗ್ಗೆ ಸಣ್ಣದೊಂದು ಸೀಮೆಎಣ್ಣೆ ಜನರೇಟರನ್ನು ಆಟೋದಲ್ಲಿ ಹೇರಿಕೊಂಡು ಅಂಗಡಿ ಮುಂದೆ ಇಳಿದರು.

"ಲೇ, ದೋಣಿಗೊಂದು ಪಂಪ್ ಕೂರ್ಸಿ ಇದಕ್ಕೆ ಕೊಟ್ಬುಡು. ನೀರು ತಾನೇ ಆಚೆ ಓಯ್ತದೆ. ಅಂಗೇ ನಾಕು ಟ್ಯೂಬ್‌ಲೈಟು."

"ಬಾವ, ಇದು ಬರೀ ಲೈಟಿಗೆ ಸರಿ. ಪಂಪು ಓಡುವಾಗ ಎಳೆಯೋದು ಬೇರೆ, ಶುರುವಾಗುವಾಗ ಎಳೆಯೋದು ಬೇರೆ. ಏಳುವಾಗ ಮೂರು ಪಟ್ಟು ಕೇಳ್ತದೆ."

"ಕೇಳಿದ್ರೆ ಕೊಡ್ತದೆ ಬುಡ್ಲಾ."

ಕೊಡಲಿಲ್ಲ. ಭಾವನ ಮನೆಯ ಸಂಪಿನಲ್ಲಿದ್ದ ಅರ್ಧ ಎಚ್.ಪಿ. ಪಂಪನ್ನೇ ಬಿಚ್ಚಿ ತಂದು ದೋಣಿಗೆ ಕೂರಿಸಿದ್ದೆವು. ಅದರ ಸ್ವಿಚ್ ಒತ್ತಿದ ಕೂಡಲೇ ಟ್ಯೂಬ್‌ಲೈಟುಗಳು ಕಣ್ಣು ಮಿಟುಕಿಸಿ ಆರಿದವು, ಜನರೇಟರ್ ನರಳಿ ನಿಂತುಹೋಯಿತು.

ಭಾವನಿಗೆ ಅವಮಾನವಾಯಿತು. ಮರುವಾರವೇ ಶಾಮಿಯಾನ ಅಂಗಡಿಯವರಿಂದ ಮದುವೆ ಮನೆಗಳಿಗೆ ಹೋಗುವ ಡೀಸೆಲ್ ಜನರೇಟರ್ ತಂದರು. ನಾನು ಬೇಡವೆಂದರೂ ಆಳುಗಳು ಅದನ್ನು ಹೊತ್ತು ದೋಣಿಯ ಹಿಂಬದಿಯಲ್ಲಿ ಇಳಿಸಿದರು. ಹಿಂಭಾಗ ನೀರಿಗೆ ಕುಸಿದು, ಮುಂಭಾಗ ಮೇಲೆದ್ದಿತು. ದಡದಲ್ಲಿ ನಿಂತಿದ್ದ ಅಕ್ಕ "ಇಳೀರಿ, ಇಳೀರಿ!" ಎಂದು ಕೂಗಿಕೊಂಡಳು. ಇಳಿಯುವ ಬದಲು ಭಾವ ಅದನ್ನು ಸ್ಟಾರ್ಟ್ ಮಾಡಿಸಿದರು. ಆ ರಾಕ್ಷಸನಿಗೆ ಒಂದು ಪಂಪು, ನಾಲ್ಕು ದೀಪ ಯಾವ ಮೂಲೆಗೆ? ಕೆಲಸ ಸಾಲದೆ ಕಪ್ಪು ಹೊಗೆ ಕಾರಿತು. ಅದರ ಅದುರಾಟಕ್ಕೆ ಹಲಗೆ ಸಂದುಗಳು ಇನ್ನಷ್ಟು ಬಾಯಿಬಿಟ್ಟವು. ಪಂಪು ಹೊರಗೆ ಚೆಲ್ಲುವುದಕ್ಕಿಂತ ಒಳಗೆ ಬರುವ ನೀರೇ ಹೆಚ್ಚಾಯಿತು.

ಜನರೇಟರನ್ನು ದಡಕ್ಕೆ ಇಳಿಸಿದ ಮೇಲೆ ಭಾವ ಮೆಟ್ಟಿಲ ಮೇಲೆ ಕೂತು ಎಡಗೈಯಿಂದ ಭುಜ ಉಜ್ಜಿಕೊಳ್ಳುತ್ತಾ, "ಮಾರ್ಬುಡಾನ ಕಣ್ಲಾ" ಎಂದರು. ಆ ದನಿ ನಾನು ಹಿಂದೆಂದೂ ಕೇಳಿರಲಿಲ್ಲ. ಅಕ್ಕನೂ ಕೇಳಿರಲಿಲ್ಲವೇನೋ. ಅವಳು ನನ್ನ ಕಡೆ ತಿರುಗಿದಳು.

"ಎಲ್ಲ ಒಟ್ಗೇ ಯಾಕೆ ಆಕ್ಬೇಕು? ಮನೇಲಿ ವೋಲ್ಟೇಜ್ ಕಮ್ಮಿ ಇದ್ರೆ ನಾನು ಲೈಟ್ ಆರ್ಸಿ ಪಂಪ್ ಆಕ್ತಿದ್ದೆ. ಅದು ಓಡಕ್ಕೆ ಶುರುವಾದ್ಮೇಲೆ ಲೈಟು. ಇಲ್ಲೂ ಅಂಗೇ ಮಾಡಕಾಗಕಿಲ್ವಾ?"

ಆಗುತ್ತಿತ್ತು. ಪಂಪು ಏಳುವಾಗ ಬೇಕಾದಷ್ಟು, ಅದರ ಮೇಲೆ ಸ್ವಲ್ಪ ಉಳಿಕೆ, ಅಷ್ಟಿದ್ದರೆ ಸಾಕು. ಪಂಪು ಓಡತೊಡಗಿದ ಮೇಲೆ ಅದರ ಎಳೆತ ಇಳಿಯುವುದರಿಂದ ಅಷ್ಟರಲ್ಲೇ ದೀಪಗಳೂ ಉರಿಯುತ್ತವೆ. ಲೆಕ್ಕ ಹಾಕಿದರೆ ಎರಡು ಕೆ.ವಿ.ಎ. ಸಾಮರ್ಥ್ಯದ ಜನರೇಟರ್ ಸಾಕೆಂದು ಬಂತು. ಇಬ್ಬರು ಎತ್ತಬಹುದಾದ ಅಂಥದೊಂದು ನಂಜನಗೂಡಿನಲ್ಲಿ ಸೆಕೆಂಡ್‌ಹ್ಯಾಂಡಿಗೆ ಸಿಕ್ಕಿತು. ಅದುರಾಟ ಹಲಗೆಗೆ ತಟ್ಟದಂತೆ ಅಡಿಗೆ ಹಳೇ ಟಯರಿನ ತುಂಡು ಹಾಕಿ, ದೋಣಿಯ ನಡುವೆ ಕೂರಿಸಿ, ವೈರುಗಳನ್ನು ನೀರು ಮುಟ್ಟದ ಹಾಗೆ ಮೇಲಿನ ಬಿದಿರ ಗಳುವಿಗೆ ಕಟ್ಟಿದೆ. ಪಂಪು ಒಂದೇ ಸಲಕ್ಕೆ ಎದ್ದಿತು. ಆಮೇಲೆ ಒಂದೊಂದಾಗಿ ದೀಪ ಹತ್ತಿದವು.

ಚುಕ್ಕಾಣಿ ಹಿಡಿದ ಭಾವನಿಗೆ ಸ್ವಿಚ್ ಎಟುಕುತ್ತಿರಲಿಲ್ಲ. ಯಾರಾದರೂ ಸಿಗುವ ತನಕ ತಾನೇ ಬರುತ್ತೇನೆಂದಳು ಅಕ್ಕ. ಮೊದಲ ದಿನ ಹಲಗೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು. ಪಂಪಿನ ಸದ್ದು ಬದಲಾದಾಗ ಮಾತ್ರ ಕಣ್ಣು ಬಿಟ್ಟು ದೀಪದ ಸ್ವಿಚ್ ಒತ್ತಿದಳು. ಹೀಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಬೇರೆ ಯಾರನ್ನೂ ಹುಡುಕಲೇ ಇಲ್ಲ. ಮುಸ್ಸಂಜೆ ದೋಣಿ ಬೆಳ್ಳಗೆ ಬೆಳಗುತ್ತಾ ಬರುತ್ತಿದ್ದರೆ, ಕಬ್ಬಿನ ಗದ್ದೆಯಿಂದ ಬಂದ ಹೆಂಗಸರು ದಡದಿಂದಲೇ "ಅಕ್ಕಾ, ನಿಲ್ಸಕ್ಕಾ" ಎಂದು ಕೂಗುತ್ತಿದ್ದರು. ಭಾವನನ್ನು ಯಾರೂ ಕೇಳುತ್ತಿರಲಿಲ್ಲ. ಅದಕ್ಕೆ ಅವರಿಗೆ ಒಳಗೊಳಗೇ ಸಿಟ್ಟು, ಹೊರಗೆ ನಗು.

ಒಮ್ಮೆ ಬನ್ನೂರಿನ ರೈತರೊಬ್ಬರು ತೋಟದ ಮನೆಗೆ ಎಷ್ಟು ದೊಡ್ಡ ಜನರೇಟರ್ ಬೇಕೆಂದು ದೋಣಿಯಲ್ಲೇ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಕೇಳಿದಳು: "ಮೋಟಾರ್ ಎಷ್ಟವೆ ಸಾ? ಎಲ್ಲ ಒಟ್ಗೇ ಆಕ್ತೀರಾ, ಒಂದೊಂದಾಗಾ?"

ಹತ್ತಿರದಲ್ಲಿ ಸೇತುವೆ ಆದ ಮೇಲೆ ದೋಣಿಗೆ ಜನ ಕಡಿಮೆಯಾದರು. ಕೊನೆಗೆ ಭಾವ ಅದನ್ನು ಮೀನು ಹಿಡಿಯುವವರಿಗೆ ಕೊಟ್ಟರು. ಅಕ್ಕ ಒಂದು ವಾರ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಇಬ್ಬರೂ ಸೇರಿ ಸೇತುವೆಯ ಬಳಿ ಟೀ ಅಂಗಡಿ ತೆರೆದರು.