ಸೆರಗಿನ ಕುಚ್ಚು, ಬೆಕ್ಕಿನ ಉಗುರು

ಮಗಳ ಎಡಗಣ್ಣಿನ ಕೆಳಗೆ ಈಗ ಯಾವ ಗುರುತೂ ಇಲ್ಲ. ನನಗೆ ಮಾತ್ರ ಅಲ್ಲಿ ಇನ್ನೂ ಒಂದು ಕೆಂಪು ಗೆರೆ ಕಾಣುತ್ತದೆ.

ಆಗ ಅಮೆರಿಕದ ಕ್ಯಾರಿ ಊರಿನಲ್ಲಿದ್ದೆವು. ಮಗಳಿಗೆ ಮೂರು ತಿಂಗಳು. ಬಾಣಂತನಕ್ಕೆ ಮೈಸೂರಿನಿಂದ ಬಂದಿದ್ದ ಅಮ್ಮ ಅವಳನ್ನು ತೋಳಲ್ಲಿ ಮಲಗಿಸಿಕೊಂಡು ಸೋಫಾದ ಪಕ್ಕ ಓಡಾಡುತ್ತಿದ್ದಳು. ಕಿಟಕಿಯ ಬಿಸಿಲು ಬೀಳದಂತೆ ಮಗುವಿನ ತಲೆಯ ಮೇಲೆ ಸೆರಗು ಎಳೆದಿದ್ದಳು. ಅದರ ಅಂಚಿಗೆ ಅವಳೇ ಕಟ್ಟಿದ್ದ ರೇಷ್ಮೆ ಕುಚ್ಚುಗಳು ಮಗುವಿನ ಕೆನ್ನೆಯ ಹತ್ತಿರ ತೂಗುತ್ತಿದ್ದವು. ಸೋಫಾದ ಮೇಲಿದ್ದ ನಮ್ಮ ಬೆಕ್ಕು ಅವನ್ನೇ ನೋಡುತ್ತಿತ್ತು. ಅದು ಹಿಂಗಾಲು ಬಗ್ಗಿಸಿದ್ದನ್ನು ಅಡುಗೆಮನೆಯಿಂದ ಕಂಡೆ. ನನ್ನ ಬಾಯಿಂದ ಸ್ವರ ಹೊರಡುವ ಮೊದಲೇ ಹಾರಿತು.

ಗೀರು ಕಣ್ಣಿಗಿಂತ ಒಂದು ಅಕ್ಕಿಕಾಳಿನಷ್ಟು ಕೆಳಗಿತ್ತು.

ಮಕ್ಕಳ ಡಾಕ್ಟರು ಭಯವಿಲ್ಲವೆಂದರು. ಬೆಕ್ಕಿನ ಉಗುರು ತೆಗೆಸಿಬಿಡೋಣ, ಇಲ್ಲಿ ಎಷ್ಟೋ ಜನ ಮಾಡಿಸುತ್ತಾರೆ ಎಂದರು ನನ್ನ ಗಂಡ. ಮದುವೆಗೆ ಮುಂಚೆ, ಒಂಟಿಯಾಗಿದ್ದಾಗ, ಆ ಬೆಕ್ಕನ್ನು ಅನಾಥ ಪ್ರಾಣಿಗಳ ಶೆಲ್ಟರಿನಿಂದ ತಂದು ಸಾಕಿದವರು ಅವರೇ. ಹೇಳುವಾಗ ಬೆಕ್ಕಿನ ಕಡೆ ನೋಡಲಿಲ್ಲ.

ವಿಚಾರಿಸಲು ನಾನು ಹೋದೆ. ಬೆಕ್ಕಿನ ಡಾಕ್ಟರಮ್ಮ ನನ್ನ ತೋರುಬೆರಳು ಹಿಡಿದು ಕೊನೆಯ ಗೆಣ್ಣನ್ನು ಮೆಲ್ಲಗೆ ಒತ್ತಿದರು. ಬರೀ ಉಗುರಲ್ಲ, ಮೂಳೆ ಸಮೇತ ಇಲ್ಲಿಯವರೆಗೆ ತೆಗೆಯಬೇಕು, ಮುಂಗಾಲಿನ ಪ್ರತಿ ಬೆರಳಿಗೂ ಎಂದರು. ನಿರ್ಧಾರ ನಿಮ್ಮದು ಎಂದೂ ಹೇಳಿ ಆಪರೇಷನ್ನಿಗೆ ಒಂದು ದಿನ ಗೊತ್ತುಮಾಡಿದರು.

ಮನೆಗೆ ಬಂದು ಬೆರಳು ತೋರಿಸಿಯೇ ಹೇಳಿದೆ. ಗಂಡ "ಕಣ್ಣೇ ಹೋಗಿದ್ರೆ?" ಅಂದರು. ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೆ.

ಅಮ್ಮ ಬಂದ ದಿನದಿಂದ ಬೆಕ್ಕನ್ನು ಮುಟ್ಟಿದವಳಲ್ಲ. ಅನ್ನದಲ್ಲೂ ಅದರ ಕೂದಲೇ ಎಂದು ಗೊಣಗುತ್ತಿದ್ದವಳು. ಈಗ ಕತ್ತರಿ ತರಿಸಿಕೊಂಡು, ಸೆರಗನ್ನು ಮಡಿಲಲ್ಲಿ ಹರಡಿ ಒಂದೊಂದೇ ಕುಚ್ಚು ಕತ್ತರಿಸತೊಡಗಿದಳು.

"ಇದು ತೂಗಾಡ್ತಿತ್ತು, ಅದು ಹಾರ್ತು. ಮೊದ್ಲು ಇದು ಹೋಗ್ಲಿ, ಅಳಿಯಂದ್ರೇ."

"ಅತ್ತೆ, ಅಷ್ಟು ಚೆನ್ನಾಗಿತ್ತಲ್ಲ."

"ಕುಚ್ಚು ಮತ್ತೆ ಕಟ್ಕೋಬಹುದು."

ಮರುದಿನ ಡಾಕ್ಟರಮ್ಮನಿಗೆ ಫೋನ್ ಮಾಡಿ ಆಪರೇಷನ್ ಬೇಡವೆಂದವರು ನನ್ನ ಗಂಡ. ಮಗು ಮಲಗುವ ಕೋಣೆಯ ಬಾಗಿಲು ಸದಾ ಮುಚ್ಚಿರಬೇಕೆಂದು ಮಾತಾಯಿತು. ವಾರಕ್ಕೊಮ್ಮೆ ಅವರು ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಹಿಡಿಯುತ್ತಿದ್ದರು, ನಾನು ಉಗುರಿನ ತುದಿ ಕತ್ತರಿಸುತ್ತಿದ್ದೆ. ಅಮ್ಮ ದೂರ ನಿಂತು, "ಒಂದು ಬಿಟ್ಟೆ ನೋಡು, ಓದಿದ್ದು ಎಂಜಿನಿಯರಿಂಗಂತೆ" ಅನ್ನುತ್ತಿದ್ದಳು.

ಮಗಳಿಗೆ ಈಗ ನಾಲ್ಕು ವರ್ಷ. ಮುದಿ ಬೆಕ್ಕು ಅವಳ ಮಡಿಲಲ್ಲಿ ಕಾಲು ಚಾಚಿ ಮಲಗುತ್ತದೆ. ಅವಳು ಅದರ ಪಾದವನ್ನು ಮೆತ್ತಗೆ ಒತ್ತಿ, ಉಗುರು ಇಣುಕುವುದನ್ನು ನೋಡಿ ನಗುತ್ತಾಳೆ. ನನ್ನ ಕೈ ತಾನಾಗಿ ಅವಳ ಕಣ್ಣಿಗೆ ಅಡ್ಡ ಹೋಗುತ್ತದೆ.

"ಅಮ್ಮಾ, ಕಾಣಲ್ಲ," ಎಂದು ಅವಳು ಆ ಕೈಯನ್ನು ಸರಿಸುತ್ತಾಳೆ.